ಬೆಳಿಗ್ಗೆ ಬಿಗಿಯಿದ್ದ ಫ್ಯಾನು

"ಅಜ್ಜಾರೆ, ದಿನವೂ ಬೆಳಗಿನ ಜಾವ ಕೂತು ನನ್ನ ಸಿಟ್ಟನ್ನು ಹುಡುಕುತ್ತೇನೆ. ಅದು ಎಲ್ಲಿಯೂ ಸಿಗುವುದಿಲ್ಲ. ಮಧ್ಯಾಹ್ನ ಮಾತ್ರ ಎಲ್ಲಿಂದಲೋ ಬಂದುಬಿಡುತ್ತದೆ. ಅದು ಇರುವುದಾದರೂ ಎಲ್ಲಿ?"

ಮರುಳಸಿದ್ಧ ಹೀಗೆ ಕೇಳಿದಾಗ, ಎಲ್ಲರೂ ಅಜ್ಜಾರು ಎನ್ನುವ ಗುರುಗಳು ಮಠದ ಜಗಲಿಯ ಮೇಲಿದ್ದರು. ಆಗಷ್ಟೇ ಬೆಳಕು ಹರಿದಿತ್ತು.

ಮರುಳಸಿದ್ಧ ಮಠದ ದಾಸೋಹದಲ್ಲಿ ಬಡಿಸುವ ಹೊಣೆ ಹೊತ್ತವನು. ಹಿಂದಿನ ದಿನ ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಮುದುಕ, ಅನ್ನ ಬೆಂದಿಲ್ಲ ಎಂದ. ಮರುಳಸಿದ್ಧ ಕೇಳಿಸದವನಂತೆ ಮುಂದೆ ಹೋದ. ತಿರುಗಿ ಬಂದಾಗ ಮುದುಕ ಮತ್ತೆ ಅದನ್ನೇ ಎಂದ. ಮರುಳಸಿದ್ಧ ಸೌಟನ್ನು ಮೇಲೆತ್ತಿದ. ಹೊಡೆಯಲಿಲ್ಲ. ಆದರೆ ಮುದುಕ ತಲೆಗೆ ಕೈ ಅಡ್ಡ ಹಿಡಿದುಕೊಂಡ. ಸೌಟು ಕೆಳಗಿಳಿದ ಮೇಲೆ ಎಲೆಯನ್ನು ಮಡಚದೆ ಎದ್ದು ಹೋದ. ಪಂಕ್ತಿಯಿಂದ ಒಬ್ಬರು ಹಸಿದು ಎದ್ದರೆ ಆ ಮಠದ ಗುರುಗಳು ಅಂದು ಉಣ್ಣುವುದಿಲ್ಲ. ಅದು ಅಲ್ಲಿಯ ವಾಡಿಕೆ. ನಿನ್ನೆಯಿಂದ ಅವರು ನೀರನ್ನಷ್ಟೇ ಕುಡಿದಿದ್ದರು.

"ಇವತ್ತು ಎಂದಿಗಿಂತ ಹೆಚ್ಚು ಹೊತ್ತು ಕೂತೆ," ಎಂದ ಮರುಳಸಿದ್ಧ. "ಮನಸ್ಸನ್ನು ಮೂಲೆ ಮೂಲೆ ತಡಕಿದೆ. ಆ ಮುದುಕನ ಮೇಲೂ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ತಪ್ಪು ಅಡುಗೆಯವನದು. ಅವನು ಅನ್ನ ಸರಿಯಾಗಿ ಬೇಯಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಅವನನ್ನು ಕಳಿಸಿ ಬೇರೊಬ್ಬನನ್ನು ತಂದರೆ ನನ್ನದೆಲ್ಲ ಸರಿಹೋಗುತ್ತದೆ."

ಗುರುಗಳು ಅವನ ಮುಖವನ್ನೇ ನೋಡಿದರು. "ಕೂತುಕೋ," ಎಂದರು. ಆ ದನಿಯಲ್ಲಿ ಮೆದುತನವಿರಲಿಲ್ಲ. ಆಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಬಯಲುಸೀಮೆಯ ಒಂದು ಪೇಟೆಯಲ್ಲಿ ಅವನ ಅಂಗಡಿ. ಶೇಂಗಾ ಹಿಂಡಿಯನ್ನು ಲಾರಿಯಲ್ಲಿ ಘಟ್ಟದ ಕೆಳಗೆ ಕಳಿಸುತ್ತಿದ್ದ. ಬರುವಾಗ ಅದೇ ಲಾರಿಯಲ್ಲಿ ಹಂಚು ತರಿಸುತ್ತಿದ್ದ. ಲಾರಿ ಅವನ ಅಪ್ಪ ಕೊಂಡದ್ದು, ಉದ್ದ ಮೂತಿಯ ಹಳೆಯ ಗಾಡಿ. ಅದರ ಡ್ರೈವರನೂ ಅಪ್ಪನ ಕಾಲದವನೇ. ವರ್ತಕ ಚಿಕ್ಕವನಿದ್ದಾಗ ಈ ಡ್ರೈವರನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿದವನು. ಅಂದಿನಿಂದ ಅವನನ್ನು ಸ್ವಂತ ಚಿಕ್ಕಪ್ಪನೆಂಬಂತೆ ಕಾಕಾ ಎಂದೇ ಕರೆಯುತ್ತಿದ್ದ. ಡ್ರೈವರ್ ಮಾತ್ರ, ಹಿರಿಯ ಸಾವ್ಕಾರ ತೀರಿಕೊಂಡ ಮೇಲೆ, ತನ್ನ ತೊಡೆಯ ಮೇಲೆ ಕೂತಿದ್ದ ಹುಡುಗನನ್ನು ಸಾವ್ಕಾರ್ರ ಎನ್ನತೊಡಗಿದ. ಯಾರೂ ಹಾಗೆ ಕರೆಯಲು ಹೇಳಿರಲಿಲ್ಲ.

ವರ್ತಕನಿಗೆ ಸಿಟ್ಟು ಬೇಗ ಬರುತ್ತಿತ್ತು. ಅದನ್ನು ಅವನು ದೋಷವೆಂದು ತಿಳಿದಿರಲಿಲ್ಲ. ಖಾರವಿಲ್ಲದ ಚಟ್ನಿಯೂ ಸಿಟ್ಟಿಲ್ಲದ ಸಾವ್ಕಾರನೂ ಒಂದೇ ಎನ್ನುತ್ತಿದ್ದ.

ಒಂದು ಬೇಸಿಗೆ, ಹಂಚು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ಲಾರಿ ನಡುದಾರಿಯಲ್ಲಿ ಕುದಿಯಿತು. ರೇಡಿಯೇಟರಿನ ಮುಚ್ಚಳದಿಂದ ಹಬೆ ಎದ್ದಿತು. ಡ್ರೈವರ್ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಘಟ್ಟದ ಡ್ರೈವರುಗಳೆಲ್ಲ ಮಾಡುವುದನ್ನೇ ಮಾಡಿದ. ಬಾನೆಟ್ಟು ಎತ್ತಿ ರೇಡಿಯೇಟರಿನ ಮೇಲೆ ಕೊಡಗಟ್ಟಲೆ ನೀರು ಸುರಿದ. ತಣ್ಣಗಾಗುವವರೆಗೆ ಕಾದ. ಆಮೇಲೆ ಹೊರಟ. ಪೇಟೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಹಂಚಿಗಾಗಿ ಕಾದವರು ಬೇರೆ ಅಂಗಡಿಗೆ ಹೋಗಿಬಿಟ್ಟಿದ್ದರು.

"ಬಯಲಾಗ ಏನೂ ತ್ರಾಸಿಲ್ರಿ ಸಾವ್ಕಾರ್ರ, ತಣ್ಣಗ ಓಡತೈತಿ," ಎಂದ ಡ್ರೈವರ್. "ಘಟ್ಟ ಬಂತಂದ್ರ ಕುದೀತೈತಿ. ಮತ್ತ ಇನ್ನೊಂದು ಮಾತು. ಮೊದಲ ಘಟ್ಟದಾಗ ಫ್ಯಾನ್ ಹುಲಿ ಒದರಿದಂಗ ಒದರತಿತ್ತು. ಈಗ ಭಾಳ ಸುಮ್ಮಕ ಐತಿ."

"ಸುಮ್ಮಕ ಇದ್ರ ಒಳ್ಳೇದಲ್ಲೇನು?" ಎಂದ ವರ್ತಕ. "ನಿನಗ ಗದ್ದಲಾನ ಬೇಕಂದ್ರ ಕಾಕಾ, ನಾ ಅದೀನಲ್ಲ!"

ಅದು ತಮಾಷೆಯೆಂದು ಡ್ರೈವರ್ ನಗಲು ಹೋದ. ವರ್ತಕ ನಗುತ್ತಿರಲಿಲ್ಲ.

ಲಾರಿಯನ್ನು ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದರು. ಮೇಸ್ತ್ರಿ ಕೆಲಸ ಬಲ್ಲವನೇ. ಅವನದೊಂದು ಪದ್ಧತಿಯಿತ್ತು. ಕೆಟ್ಟ ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಡಬೇಕು. ಅವನು ಬೆಳಿಗ್ಗೆ ಮಿಂದು ಬಂದು, ಹತಾರಗಳ ಪೆಟ್ಟಿಗೆಗೆ ಊದುಬತ್ತಿ ಬೆಳಗಿ, ತಣ್ಣಗಿರುವ ಎಂಜಿನ್ನಿಗೆ ಕೈ ಹಚ್ಚುವನು. ಕಾದ ಎಂಜಿನ್ನು ಕೈ ಸುಡುತ್ತದೆ. ಅವನಿಗೆ ಕೆಲಸ ಕಲಿಸಿದವನೂ ಹಾಗೆಯೇ ಮಾಡುತ್ತಿದ್ದ. ಅವನು ಫ್ಯಾನಿನ ಎಲೆ ಹಿಡಿದು ತಿರುಗಿಸಿದ. ಅದು ಭಾರವಾಗಿ ಸ್ವಲ್ಪ ಸರಿದು ನಿಂತಿತು. "ಫ್ಯಾನ್ ಬಿಗಿ ಐತಿ. ಅದರಾಗ ದೋಷ ಇಲ್ಲ," ಎಂದ. ರೇಡಿಯೇಟರ್ ಬಿಚ್ಚಿ ತೊಳೆದು ಕೂರಿಸಿದ.

ಮುಂದಿನ ಸಲ ಲಾರಿ ಅದೇ ಘಟ್ಟದಲ್ಲಿ ಕುದಿಯಿತು. ಮೇಸ್ತ್ರಿ ಮತ್ತೆ ಬೆಳಿಗ್ಗೆ ನೋಡಿದ. ಫ್ಯಾನು ಬಿಗಿಯಾಗಿಯೇ ಇತ್ತು. ನೀರಿನ ಪಂಪು ಬದಲಿಸಿದ. ಮತ್ತೆ ಕುದಿಯಿತು. ಪೈಪುಗಳನ್ನು ಬದಲಿಸಿದ. ಹೊಸ ಪೈಪಿನ ಲಾರಿಯೂ ಕುದಿಯಿತು. ಬದಲಿಸಲು ಏನೂ ಉಳಿಯದಾದಾಗ ಮೇಸ್ತ್ರಿ ಕೈ ಒರೆಸಿಕೊಂಡು ಹೇಳಿದ: "ಗಾಡ್ಯಾಗ ನೋಡಾಕ ಏನೂ ಉಳಿದಿಲ್ರಿ. ಇನ್ನ ನೋಡೂದಿದ್ರ ಓಡಸಾವನ್ನ ನೋಡ್ರಿ."

ವರ್ತಕನಿಗೆ ಬೇಕಾಗಿದ್ದದ್ದು ಅದೇ ಮಾತು. ಕಬ್ಬಿಣದ ಮೇಲೆ ಎಷ್ಟು ದಿನ ಸಿಟ್ಟು ಮಾಡುವುದು? ಬೈದರೆ ಅದು ತಿರುಗಿ ನೋಡುವುದಿಲ್ಲ. ನಾಚುವುದಿಲ್ಲ. ಮನುಷ್ಯನಾದರೆ ತಲೆಯನ್ನಾದರೂ ತಗ್ಗಿಸುತ್ತಾನೆ.

ಅಂದು ಪೇಟೆಯ ನಡುವೆ, ಹಿಂಡಿಯ ಚೀಲ ಹೇರುತ್ತಿದ್ದ ಹಮಾಲರ ಎದುರಿಗೆ, ಅವನು ಡ್ರೈವರನ ಮೇಲೆ ಹರಿಹಾಯ್ದ.

"ಲೇ, ವಯಸ್ಸಾತು ನಿನಗ. ಗೇರ್ ಹಾಕಾಕ ಕೈ ಏಳವಲ್ಲದು, ಮ್ಯಾಲೆ ಗಾಡಿ ಕುದೀತು ಅಂತಿ. ಗಾಡಿ ಕುದ್ದಿಲ್ಲಲೇ, ನಿನ್ನ ತಲಿ ಕುದ್ದೈತಿ!"

ಹಮಾಲನೊಬ್ಬ ನಕ್ಕ. "ಹಂಗಾರ ಅವನ ತಲೀಮ್ಯಾಲೆ ಒಂದು ಕೊಡ ನೀರು ಹಾಕೂಣೇನ್ರಿ?" ಎಂದ. ಉಳಿದವರೂ ನಕ್ಕರು.

ಡ್ರೈವರ್ ಹೆಗಲ ಮೇಲಿನ ವಸ್ತ್ರ ತೆಗೆದು ಮಡಚಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ.

ಕಾಕಾ ಎಂಬ ಮಾತು ಹೋಗಿ ಲೇ ಎಂಬುದು ಬಂದದ್ದು ವರ್ತಕನಿಗೂ ತಿಳಿಯಿತು. ತಿಳಿದು ಒಳಗೆ ಏನೋ ಚುಚ್ಚಿತು. ಚುಚ್ಚಿದ್ದಕ್ಕೂ ಅವನಿಗೆ ಸಿಟ್ಟೇ ಬಂದಿತು. ಈ ಮುದುಕನಿಂದಲೇ ಅಲ್ಲವೇ ನನ್ನ ನಾಲಗೆ ಹೀಗೆ ಕೆಟ್ಟದ್ದು ಎಂದುಕೊಂಡ.

ಮುಂದಿನ ಸಲ ತಾನೇ ಲಾರಿಯಲ್ಲಿ ಕೂತು ಹೊರಟ. ಮುದುಕನ ತಪ್ಪನ್ನು ಕಣ್ಣಾರೆ ಹಿಡಿಯಬೇಕೆಂದು ಅವನ ಕೈಯನ್ನೂ ಕಾಲನ್ನೂ ನೋಡುತ್ತ ಕೂತ. ಗೇರು ಸರಿಯಾಗಿ ಬೀಳುತ್ತಿತ್ತು. ಆದರೂ ಘಟ್ಟದಲ್ಲಿ ಲಾರಿ ಕುದಿಯಿತು. ವರ್ತಕ ಕೆಳಗೆ ಹಾರಿ ಒದರತೊಡಗಿದ. ಡ್ರೈವರ್ ನೀರು ಹೊತ್ತು ತಂದು ಸುರಿಯತೊಡಗಿದ. ಪಕ್ಕದಲ್ಲಿ ಏರುತ್ತಿದ್ದ ಬೇರೊಂದು ಲಾರಿಯವನು ತಲೆ ಹೊರಗೆ ಹಾಕಿ, "ಯಾಕ್ರಿ ಸಾವ್ಕಾರ್ರ, ಚಾ ಕುದಸಾಕತ್ತೀರೇನು? ನಮಗೂ ಅರ್ಧ ಕಪ್ ಇಡ್ರಿ!" ಎಂದು ಕೂಗಿ ಹೋದ. ವರ್ತಕ ಅವನ ಮೇಲಿನ ಸಿಟ್ಟನ್ನೂ ಕೂಡಿಸಿ ಡ್ರೈವರನ ಮೇಲೆಯೇ ಸುರಿದ. ಬೈಗಳು ಮುಗಿಯುವುದಕ್ಕೂ ಎಂಜಿನ್ನು ತಣಿಯುವುದಕ್ಕೂ ಸರಿಹೋಯಿತು. ಇಬ್ಬರೂ ಹತ್ತಿ ಕೂತರು. ಲಾರಿ ಏನೂ ಆಗದಂತೆ ಹೊರಟಿತು.

ಆ ದಿನ ಪೇಟೆ ಮುಟ್ಟಿದ ಮೇಲೆ ವರ್ತಕ ಹೇಳಿದ: "ಇನ್ನೊಮ್ಮೆ ಕುದೀತಂದ್ರ ಕೀಲಿ ನನ್ನ ಕೈಯಾಗ ಕೊಟ್ಟು, ಅಲ್ಲಿಂದನ ನಡಕೋತ ಮನಿಗೆ ಹೋಗು."

ಡ್ರೈವರ್, "ಹೂಂರಿ," ಎಂದ.

ಆ ಲಾರಿಯನ್ನು ಬಿಟ್ಟರೆ ಅವನಿಗೆ ಬೇರೆ ಗಾಡಿ ಗೊತ್ತಿರಲಿಲ್ಲ. ಅವನ ವಯಸ್ಸಿನವನನ್ನು ಹೊಸದಾಗಿ ಇಟ್ಟುಕೊಳ್ಳುವವರೂ ಇರಲಿಲ್ಲ. ಇದು ವರ್ತಕನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ.

ಮತ್ತೊಮ್ಮೆ ಇಬ್ಬರೂ ಘಟ್ಟ ಇಳಿದರು. ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಲಾರಿ ರಾತ್ರಿಯೆಲ್ಲ ನಿಂತಿತ್ತು. ಬೆಳಿಗ್ಗೆ ವರ್ತಕ ತಾನೇ ಬಾನೆಟ್ಟು ಎತ್ತಿ, ಮೇಸ್ತ್ರಿ ಮಾಡಿದಂತೆಯೇ ಫ್ಯಾನನ್ನು ತಿರುಗಿಸಿ ನೋಡಿದ. ಬಿಗಿಯಾಗಿತ್ತು. "ನೋಡು, ಗಾಡಿ ಗಟ್ಟಿಮುಟ್ಟ ಐತಿ. ಇವತ್ತ ನಿನ್ನ ಬಣ್ಣ ಬಯಲಾಗತೈತಿ," ಎಂದ. ಆಮೇಲೆ ಹಂಚು ಹೇರುವವರು ಒಂದು ಸಾಲು ಹಂಚನ್ನು ಕೆಳಗೆ ಕೆಡವಿದರು. ವರ್ತಕ ಅವರ ಮೇಲೆ ಬಿದ್ದ. ಹಿಂದಿನ ದಿನಗಳಿಂದ ಒದರಿ ಒದರಿ ಹಣ್ಣಾಗಿದ್ದ ಗಂಟಲು ಅಲ್ಲಿ ಪೂರ್ತಿ ಕಟ್ಟಿಹೋಯಿತು. ಲಾರಿ ಹೊರಡುವ ಹೊತ್ತಿಗೆ ಅವನ ಬಾಯಿಂದ ಗಾಳಿಯ ಹೊರತು ಏನೂ ಬರುತ್ತಿರಲಿಲ್ಲ.

ಘಟ್ಟ ಬಂದಿತು. ಮಾತಾಡಲಾಗದವನು ಕೇಳಿಸಿಕೊಳ್ಳಲೇಬೇಕಾಗುತ್ತದೆ. ಎಂಜಿನ್ನು ಏದುಸಿರು ಬಿಡುವುದು ಕೇಳಿತು. ಗಾಲಿಯ ಕೆಳಗೆ ಜಲ್ಲಿ ಸಿಡಿಯುವುದು ಕೇಳಿತು. ಚಿಕ್ಕವನಿದ್ದಾಗ ಇದೇ ಏರಿನಲ್ಲಿ, ಮೂತಿಯೊಳಗಿಂದ ಏಳುತ್ತಿದ್ದ ಅಬ್ಬರಕ್ಕೆ ಅಂಜಿ, ಡ್ರೈವರನ ಎದೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದದ್ದು ಅವನಿಗೆ ನೆನಪಾಯಿತು. ಆ ಅಬ್ಬರ ಈಗ ಇರಲಿಲ್ಲ. ಏಕೆ ಎಂದು ಯೋಚಿಸುವಷ್ಟರಲ್ಲಿ ಕಾವು ತೋರಿಸುವ ಮುಳ್ಳು ಕೆಂಪಿಗೆ ಮುಟ್ಟಿತು. ಹಬೆ ಎದ್ದಿತು.

ಡ್ರೈವರ್ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದ. ಇಳಿದು ಗಾಲಿಗೆ ಕಲ್ಲು ಕೊಟ್ಟ. ನೀರಿನ ಕೊಡ ಮುಟ್ಟಲಿಲ್ಲ. ಕೀಲಿಯನ್ನು ವರ್ತಕನ ಅಂಗೈಯಲ್ಲಿಟ್ಟ.

"ತಗೋರಿ. ಗಾಡಿ ನಿಮ್ಮದು, ಘಟ್ಟ ಸರಕಾರದ್ದು, ತಪ್ಪು ನಂದು."

ಚೀಲ ಹೆಗಲಿಗೇರಿಸಿ ಏರಿನ ಕಡೆಗೆ ನಡೆದ. ಹಿಂತಿರುಗಿ ನೋಡಲಿಲ್ಲ.

ವರ್ತಕ ಬಾಯಿ ತೆರೆದ. ನಿಲ್ಲು ಎನ್ನಬೇಕೆಂದನೋ, ಹೋಗಿ ಸಾಯಿ ಎನ್ನಬೇಕೆಂದನೋ, ಅವನಿಗೇ ತಿಳಿಯದು. ಬಂದದ್ದು ಬರಿಯ ಗಾಳಿ. ಯಾವಾಗಲೂ ಬಾಯಿಂದ ಹೊರಗೆ ಹೋಗುತ್ತಿದ್ದ ಸಿಟ್ಟು ಅಂದು ಒಳಗೇ ನಿಂತು ಕುದಿಯಿತು. ನೀರು ಹಾಕುವವನೂ ಇರಲಿಲ್ಲ. ಅವನು ಬಾನೆಟ್ಟನ್ನು ರಪ್ಪನೆ ಮೇಲೆತ್ತಿದ. ಬೆಂಕಿಯಂಥ ಕಾವು ಮುಖಕ್ಕೆ ಬಡಿಯಿತು. ನಿಂತ ಎಂಜಿನ್ನಿನ ಫ್ಯಾನಿಗೆ ಮುಷ್ಟಿ ಬಿಗಿದು ಗುದ್ದಿದ.

ಫ್ಯಾನು ಗಿರ್ರನೆ ತಿರುಗಿತು. ಮಕ್ಕಳ ಕಾಗದದ ಗಿರಗಿಟ್ಟಲೆಯಂತೆ ತಿರುಗಿತು. ಬಹಳ ಹೊತ್ತು ನಿಲ್ಲಲಿಲ್ಲ.

ವರ್ತಕ ಅದನ್ನು ಅಂಗೈಯಿಂದ ತಡೆದ. ಈ ಸಲ ಒಂದೇ ಬೆರಳಿಂದ ತಳ್ಳಿದ. ಮತ್ತೆ ತಿರುಗಿತು. ಬೆಳಿಗ್ಗೆ ಇದೇ ಕೈಗೆ ಭಾರವಾಗಿದ್ದ ಫ್ಯಾನು ಅದು. ರೇಡಿಯೇಟರಿಗೆ ತಗುಲಿ ಅವನ ಮಣಿಕಟ್ಟು ಸುಟ್ಟಿತು. ಅದು ಅವನಿಗೆ ತಿಳಿಯಲಿಲ್ಲ.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಮರುಳಸಿದ್ಧನಿಗೆ ಹೇಳಿದರು: "ಅಂಥ ಲಾರಿಯಲ್ಲಿ ಫ್ಯಾನು ಎಂಜಿನ್ನಿಗೆ ನೇರವಾಗಿ ಕಟ್ಟಿರುವುದಿಲ್ಲ. ನಡುವೆ ಒಂದು ಕ್ಲಚ್ ಇರುತ್ತದೆ. ಅದರೊಳಗೆ ಮಂದವಾದ ಎಣ್ಣೆ. ಎಂಜಿನ್ನು ಕಾದಾಗ ಎಣ್ಣೆಗೆ ದಾರಿ ತೆರೆದು, ಅದು ಫ್ಯಾನನ್ನು ಹಿಡಿದು ಜೋರಾಗಿ ತಿರುಗಿಸಬೇಕು. ಅವನ ಲಾರಿಯಲ್ಲಿ ಆ ದಾರಿ ಕಟ್ಟಿತ್ತು. ಕಾದಾಗ ಹಿಡಿತವೇ ಇರುತ್ತಿರಲಿಲ್ಲ. ಬಯಲಿನಲ್ಲಿ ಓಡುವಾಗ ಎದುರುಗಾಳಿಯೇ ತಣಿಸುತ್ತಿತ್ತು, ದೋಷ ಕಾಣುತ್ತಿರಲಿಲ್ಲ. ರಾತ್ರಿಯೆಲ್ಲ ನಿಂತರೆ ಎಣ್ಣೆ ತಾನಾಗಿ ಹಿಂದಿರುಗಿ ಬಂದು ಫ್ಯಾನನ್ನು ಹಿಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ಮುಟ್ಟಿದವರಿಗೆಲ್ಲ ಫ್ಯಾನು ಬಿಗಿಯಾಗಿಯೇ ಸಿಗುತ್ತಿತ್ತು."

ಆಮೇಲೆ ಕತೆ ಮುಂದುವರಿಸಿದರು.

ವರ್ತಕ ಓಡಿದ. ಕೂಗಲು ಬಾರದು. ತಿರುವಿನಲ್ಲಿ ಡ್ರೈವರನನ್ನು ಹಿಡಿದು, ಮಣಿಕಟ್ಟು ಹಿಡಿದೆಳೆದು ತಂದ. ಹೊಡೆಯಲು ಎಳೆಯುತ್ತಿದ್ದಾನೆಂದೇ ಡ್ರೈವರ್ ತಿಳಿದ. ಆದರೂ ಬಂದ. ವರ್ತಕ ಅವನ ಕೈಯನ್ನು ಫ್ಯಾನಿನ ಎಲೆಯ ಮೇಲಿಟ್ಟು ತಳ್ಳಿಸಿದ.

ಫ್ಯಾನು ತಿರುಗಿತು. ಇಬ್ಬರೂ ಅದು ನಿಲ್ಲುವವರೆಗೆ ನೋಡಿದರು.

"ಬೆಳಿಗ್ಗೆ ಬಿಗಿ ಇತ್ತಲ್ರಿ," ಎಂದ ಡ್ರೈವರ್. ಎಲೆಯನ್ನು ಮತ್ತೊಮ್ಮೆ ತಳ್ಳಿ ಹೇಳಿದ: "ಕಾದಾಗ ಯಾರ ಮುಟ್ಟಿ ನೋಡಿದ್ರು? ನಾ ನೀರು ಹಾಕತಿದ್ದೆ, ನೀವು ಬೈತಿದ್ರಿ."

ವರ್ತಕನ ತುಟಿ ಕಾಕಾ ಎಂದು ಅಲುಗಿತು. ದನಿ ಬರಲಿಲ್ಲ. ಡ್ರೈವರ್ ಫ್ಯಾನನ್ನು ನೋಡುತ್ತಿದ್ದ. ತುಟಿ ಅಲುಗಿದ್ದು ಅವನಿಗೆ ಕಾಣಲಿಲ್ಲ.

ಹಂಚನ್ನು ನಡುಘಟ್ಟದಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ಡ್ರೈವರ್ ಕೀಲಿ ಇಸಕೊಂಡು, ತಿರುವು ತಿರುವಿಗೂ ನಿಂತು, ತಣಿಸಿ, ಗಾಡಿಯನ್ನು ಪೇಟೆಗೆ ಮುಟ್ಟಿಸಿದ. ಅಂಗಡಿಯಲ್ಲಿ ಹಿರಿಯ ಸಾವ್ಕಾರನ ಫೋಟೋದ ಕೆಳಗಿನ ಮೊಳೆಗೆ ಕೀಲಿ ನೇತುಹಾಕಿದ. "ದೋಷ ಸಿಕ್ಕಿತು, ಚಲೋ ಆತು," ಎಂದು ಮನೆಗೆ ಹೋದ.

ಮೇಸ್ತ್ರಿ ಹೊಸ ಕ್ಲಚ್ ಹಾಕಿದ. ಹೊಸ ಡ್ರೈವರನೊಬ್ಬ ಬಂದ. ಲಾರಿ ಘಟ್ಟದಲ್ಲಿ ಮತ್ತೆ ಹುಲಿಯಂತೆ ಒದರಿತು. ಕುದಿಯಲಿಲ್ಲ.

ಗಂಟಲು ಸರಿಹೋದ ಮೇಲೆ ವರ್ತಕ ಒಂದು ಮುಂಜಾನೆ ಕೀಲಿ ಹಿಡಿದು ಹಳೆಯ ಡ್ರೈವರನ ಮನೆಗೆ ಹೋದ. ಕಟ್ಟೆಯ ಮೇಲೆ ಕೂತು ಕಾಕಾ ಎಂದ. ತಪ್ಪಾಯಿತು ಎಂದ. ಸಿಟ್ಟನ್ನು ಬಿಟ್ಟುಬಿಟ್ಟೆ, ಹುಡುಕಿದರೂ ನನ್ನಲ್ಲಿ ಅದು ಇಲ್ಲ ಎಂದ. ಕಣ್ಣಲ್ಲಿ ನೀರೂ ಬಂದಿತು. ಅದು ಸುಳ್ಳು ನೀರಲ್ಲ.

ಡ್ರೈವರ್ ಅವನಿಗೆ ಚಹಾ ಕೊಟ್ಟ. ಕೀಲಿಯನ್ನು ನೋಡಿದ, ಮುಟ್ಟಲಿಲ್ಲ.

"ಭಾಳ ಚಲೋ ಮಾತಾಡಾಕತ್ತೀರಿ ಸಾವ್ಕಾರ್ರ," ಎಂದ. "ಆದ್ರ ಈಗ ಬೆಳಿಗ್ಗೆ ಐತಿ."

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು.

ಬಿಸಿಲು ಜಗಲಿಗೆ ಏರಿತ್ತು. ಹಿಂದೆ ದಾಸೋಹದ ಮನೆಯಲ್ಲಿ ಅಡುಗೆಯವನು ಒಲೆ ಹೊತ್ತಿಸುತ್ತಿದ್ದ. ಮರುಳಸಿದ್ಧ ಆ ಕಡೆ ನೋಡಿ, ತಲೆ ತಗ್ಗಿಸಿದ.

"ಅಡುಗೆಯವನು ಇರಲಿ, ಅಜ್ಜಾರೆ," ಎಂದ. "ದೋಷ ನನ್ನಲ್ಲೇ ಇದೆ. ನಾಳೆ ಬೆಳಿಗ್ಗೆ ಇನ್ನೂ ಬೇಗ ಎದ್ದು, ಇನ್ನೂ ಚೆನ್ನಾಗಿ ಹುಡುಕುತ್ತೇನೆ."

ಗುರುಗಳು ಎದ್ದು ನಿಂತರು.

"ಬೆಳಿಗ್ಗೆ ಬೇಡ, ಮರುಳಸಿದ್ಧ. ಸೌಟು ಮೇಲೆತ್ತಿದಾಗ ಹುಡುಕು."